ತಕರಾರು ಬರೆದು ಕೊಟ್ರ ಏನಾಗ್ತದ್ರಿ?

ಚಿತ್ತಾಪುರದಲ್ಲಿ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಪಹಣಿ ತಿದ್ದುಪಡಿ, ವಿಧವಾ ವೇತನ, ಬೆಳೆ ವಿಮೆ ಅಂತ ದಿನವಿಡೀ ಅರ್ಜಿ ಬರೆಯುವುದೇ ಕೆಲಸ. ಕೆಲವು ವರ್ಷಗಳಿಂದ ಇನ್ನೊಂದು ಬಗೆಯ ಕಾಗದವನ್ನೂ ಬರೆಯುತ್ತಿದ್ದೇನೆ. ಕಲ್ಲಿನ ಗಣಿ ದೊಡ್ಡದು ಮಾಡುತ್ತಾರಂತೆ, ಹೊಳೆಯಲ್ಲಿ ಉಸುಕು ತೆಗೆಯಲು ಪರವಾನಗಿ ಕೊಡುತ್ತಾರಂತೆ, ಕೆರೆ ಅಂಗಳದಲ್ಲಿ ಏನೋ ಕಟ್ಟುತ್ತಾರಂತೆ ಅಂತ ಸುದ್ದಿ ಬಂದಾಗ ಊರವರು ಕೊಡುವ ಆಕ್ಷೇಪಣೆ. ನಮ್ಮ ಕಡೆ ಅದಕ್ಕೆ ತಕರಾರು ಅನ್ನುತ್ತಾರೆ. ಬರೆಸಲು ಬಂದವರೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಕೇಳುವ ಮಾತು ಇದು: "ಅಕ್ಕಾ, ಇದು ಬರದು ಕೊಟ್ರ ಏನಾಗ್ತದ್ರಿ? ಎಲ್ಲಾ ಮ್ಯಾಲಿಂದೇ ಫಿಕ್ಸ್ ಆಗಿರ್ತದಲ್ಲ?"

ಒಬ್ಬೊಬ್ಬರಿಗೆ ನಿಂತಲ್ಲೇ ಎರಡು ಮಾತು ಹೇಳಿ ಕಳಿಸುತ್ತಿದ್ದೆ. ಇವತ್ತು ಪೂರ್ತಿಯಾಗಿ ಹೇಳುತ್ತೇನೆ.

ಮೊದಲು ಒಂದು ಮಾತು ತಿಳಿದುಕೊಳ್ಳಿ. ನಿಮ್ಮ ಕಾಗದ ನೋಡಿ ಯಾರೂ ಮರುದಿನ ಕೆಲಸ ನಿಲ್ಲಿಸುವುದಿಲ್ಲ. ಗಣಿ, ಕಾರ್ಖಾನೆಗೆ ಪರಿಸರ ಒಪ್ಪಿಗೆ ಕೊಡುವ ಮುಂಚೆ ಊರವರ ಮಾತು ಕೇಳಲು ಸಾರ್ವಜನಿಕ ಆಲಿಕೆ ಸಭೆ ಕರೆಯುತ್ತಾರೆ. ಅದು ವೋಟ್ ಹಾಕುವುದಲ್ಲ. 500 ಜನ "ಬೇಡ" ಅಂತ ಕೈ ಎತ್ತಿದರೂ ಅಲ್ಲಿ ಕೈ ಎಣಿಸುವವರಿಲ್ಲ. ಸಭೆಗೆ ಡಿಸಿ ಸಾಹೇಬರೋ, ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೋ ಅಧ್ಯಕ್ಷರಾಗಿರುತ್ತಾರೆ. ಸಭೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಆದರೆ ಒಪ್ಪಿಗೆ ಕೊಡುವವರು ಇವರಿಬ್ಬರೂ ಅಲ್ಲ. ಯೋಜನೆ ಯಾವ ವರ್ಗದ್ದು ಅನ್ನುವುದರ ಮೇಲೆ ತೀರ್ಮಾನ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಆಗುತ್ತದೆ. ಅಲ್ಲಿ ಕೂತ ತಜ್ಞರಲ್ಲಿ ಹೆಚ್ಚಿನವರು ನಮ್ಮ ಹಳ್ಳ ನೋಡಿರುವುದಿಲ್ಲ. ಅವರ ಮೇಜಿನ ಮೇಲೆ ಬರುವುದು ಕಾಗದ. ಶಾಮಿಯಾನಾದ ಕೆಳಗೆ ನೀವು ಎಷ್ಟು ಜೋರಾಗಿ ಕೂಗಿದಿರಿ ಅನ್ನುವುದು ಅಲ್ಲಿಗೆ ಮುಟ್ಟುವುದಿಲ್ಲ. ಬರೆದದ್ದು ಮುಟ್ಟುತ್ತದೆ. ಬರೆದದ್ದಕ್ಕೆ ಕಂಪನಿಯವರು ಉತ್ತರ ಕೊಡಲೇಬೇಕು.

ಇದು ನನಗೆ ಗೊತ್ತಾದದ್ದು ಒಬ್ಬ ಮುದುಕಪ್ಪನಿಂದ.

ನಮ್ಮ ತಾಲೂಕಿನಲ್ಲಿ ಸುಣ್ಣದ ಕಲ್ಲಿನ ಗಣಿ ಹೊಸದಲ್ಲ. ಶಹಾಬಾದ್ ಪರಸಿ, ಸಿಮೆಂಟು, ಎಲ್ಲಾ ಇದೇ ನೆಲದ್ದು. ಒಂದು ಗಣಿ ವಿಸ್ತರಣೆಗೆ ಆಲಿಕೆ ಸಭೆ ಇತ್ತು. ಗಣಿಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿಯ ಕನ್ನಡ ಸಾರಾಂಶ ಪಂಚಾಯಿತಿಗೆ ಬಂದಿತ್ತು. ಈ ಮುದುಕಪ್ಪ ಅದನ್ನು ಮೊಮ್ಮಗನ ಕೈಲಿ ಓದಿಸಿಕೊಂಡು, ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಬಂದ. "ಯವ್ವಾ, ಇದರಾಗ ಋತುಮಾನದ ನಾಲಾ ದೂರ ಅದ ಅಂತ ಬರದಾರ. ಅದು ನನ್ನ ಹೊಲದ ಬದುವಿಗೇ ಅದ" ಅಂದ. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ನನ್ನ ಟೇಬಲ್ ಮೇಲೆ ಬೆರಳಿನಿಂದ ಹಳ್ಳದ ದಾರಿ ಗೀರಿ ತೋರಿಸಿದ. ಇಲ್ಲಿ ತಿರುವು, ಇಲ್ಲಿ ಬಾಂದಾರ, ಇಲ್ಲಿಂದ ಕಾಗಿಣಾ ಹೊಳೆಗೆ.

ನಾವು ಬರೆದದ್ದು ನಾಲ್ಕೇ ಸಾಲು. ಸರ್ವೆ ನಂಬರ್ ಹಾಕಿದೆವು. ಹಳ್ಳ ಆ ಹೊಲದ ಪೂರ್ವದ ಬದುವಿಗೆ ಹರಿಯುತ್ತದೆ. ಮಿರಗದ ಮಳೆಯಿಂದ ದೀಪಾವಳಿ ತನಕ ನೀರಿರುತ್ತದೆ. ಅದರ ದಂಡೆಯ ಮೂರು ಬಾವಿಗಳು ಅದೇ ನೀರನ್ನು ನಂಬಿವೆ, ಊರಿನ ದನ ಅಲ್ಲೇ ನೀರು ಕುಡಿಯುತ್ತವೆ. ಗಣಿಯ ಮಣ್ಣು ಎಲ್ಲಿ ಹಾಕುತ್ತೀರಿ, ಹಳ್ಳಕ್ಕೆ ಬೀಳದಂತೆ ಏನು ಮಾಡುತ್ತೀರಿ? ಅಷ್ಟೇ.

ಸಭೆಯಲ್ಲಿ ಮಾತಾಡಿದವರು ಬಹಳ ಮಂದಿ. ಹೆಚ್ಚಿನವರು ನೌಕರಿ ಕೇಳಿದರು, ರಸ್ತೆ ಕೇಳಿದರು, ಧೂಳಿನ ಬಗ್ಗೆ ಹೇಳಿದರು. ತಪ್ಪೇನಿಲ್ಲ. ಮನೆಯಲ್ಲಿ ಓದಿದ ಹುಡುಗ ಸುಮ್ನೆ ಕೂತಿದ್ದರೆ ಯಾರಾದರೂ ನೌಕರಿಯನ್ನೇ ಮೊದಲು ಕೇಳುತ್ತಾರೆ. ಆದರೆ ನೀರಿನ ಬಗ್ಗೆ ಸರ್ವೆ ನಂಬರ್ ಹಿಡಿದು ಹೇಳಿದವನು ಇವನೊಬ್ಬನೇ. ಆಮೇಲೆ ನಡಾವಳಿ ಹೊರಗೆ ಬಂತು. ಒಂದು ಕಡೆ ಜನರ ಪ್ರಶ್ನೆ, ಪಕ್ಕದ ಕಾಲಂನಲ್ಲಿ ಕಂಪನಿಯ ಉತ್ತರ. ಮುದುಕಪ್ಪನ ಹೆಸರಿನ ಮುಂದೆ ಬರೆದಿದ್ದರು: ಹಳ್ಳವನ್ನು ತಿರುಗಿಸುವುದಿಲ್ಲ, ಮಣ್ಣಿನ ರಾಶಿಯ ಸುತ್ತ ಕಾಲುವೆ ತೋಡಿ ಕೆಸರು ತಂಗುವ ಗುಂಡಿ ಮಾಡುತ್ತೇವೆ. ಮುಂದೆ ಒಪ್ಪಿಗೆ ಪತ್ರ ಬಂದಾಗ ಅದೇ ಮಾತು ಒಂದು ಷರತ್ತಾಗಿ ಕೂತಿತ್ತು.

ಎರಡು ಮಳೆಗಾಲ ಕಳೆದವು. ಗಣಿಯ ಮಣ್ಣು ಹಳ್ಳದ ದಂಡೆಗೇ ಬಂದು ಬಿತ್ತು. ಒಂದು ದೊಡ್ಡ ಮಳೆಗೆ ಅದು ಹರಿದು ಒಂದು ಹೊಲದ ತೊಗರಿಯನ್ನು ಮುಚ್ಚಿಹಾಕಿತು. ಆಗ ಊರವರ ಕೈಯಲ್ಲಿ ಆ ಷರತ್ತಿನ ಜೆರಾಕ್ಸ್ ಇತ್ತು. ಬರೀ ಕೂಗಾಟ ಆಗಿದ್ದರೆ ಕಚೇರಿಯವರು "ನೋಡೋಣ" ಅಂದು ಕಳಿಸುತ್ತಿದ್ದರು. ಷರತ್ತಿನ ಸಂಖ್ಯೆ ಹಾಕಿ ಬರೆದ ದೂರನ್ನು ಹಾಗೆ ಕಳಿಸಲು ಬರಲಿಲ್ಲ. ಜಾಗ ನೋಡಲು ಬಂದರು. ರಾಶಿ ಹಿಂದೆ ಸರಿಯಿತು. ತೊಗರಿ ಹೋದ ರೈತನಿಗೆ ಆ ವರ್ಷದ ಬೆಳೆ ವಾಪಸ್ ಬರಲಿಲ್ಲ, ಅದೂ ನಿಜ. ಆದರೆ ಹಳ್ಳ ಉಳಿಯಿತು.

ಆದ್ದರಿಂದ ಬರೆಸಲು ಬಂದವರಿಗೆ ಮೊದಲು ಕೇಳುವುದು: ನಿಮಗೆ ಮಾತ್ರ ಗೊತ್ತಿರುವುದು ಏನು? "ಪರಿಸರ ಹಾಳಾಗುತ್ತದೆ" ಅಂತ ಯಾರು ಬೇಕಾದರೂ ಬರೆಯಬಹುದು. ಅದಕ್ಕೆ "ಎಲ್ಲ ಕ್ರಮ ಕೈಗೊಳ್ಳುತ್ತೇವೆ" ಅಂತ ಸುಲಭದ ಉತ್ತರ ಸಿದ್ಧವಿರುತ್ತದೆ. ಯಾವ ಬಾವಿ, ಯಾವ ತಿಂಗಳು ಬತ್ತುತ್ತದೆ, ಮಳೆ ನೀರು ಯಾವ ಕಡೆ ಇಳಿಯುತ್ತದೆ, ಹೊಳೆ ಎಲ್ಲಿ ತನಕ ಏರುತ್ತದೆ, ಇದು ನಿಮಗೇ ಗೊತ್ತು ಅಲ್ವಾ? ಅಫಜಲಪುರ ಕಡೆಯ ಹುಡುಗನೊಬ್ಬ ಉಸುಕಿನ ಜಾಗದ ಬಗ್ಗೆ ಬರೆಸಲು ಬಂದಿದ್ದ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಂದಾಗ ತೆಗೆದ ಫೋಟೊ ಅವನ ಮೊಬೈಲ್‌ನಲ್ಲಿತ್ತು. ಹನುಮಂತನ ಗುಡಿಯ ಕಟ್ಟೆ ತನಕ ಕೆಂಪು ನೀರು. ಅದನ್ನೇ ಪ್ರಿಂಟ್ ಹಾಕಿ, ಕೆಳಗೆ ತಾರೀಖು ಬರೆದು, ಅರ್ಜಿಗೆ ಪಿನ್ ಮಾಡಿ ಕೊಟ್ಟೆವು. ಊರಿಗೆ ಕುಡಿಯುವ ನೀರು ಎತ್ತುವ ಹೊಳೆಯ ಬಾವಿ, ಅಂದರೆ ಜಾಕ್‌ವೆಲ್, ಅಲ್ಲಿಂದ ಎಷ್ಟು ಹೆಜ್ಜೆ ಅಂತಲೂ ಅವನೇ ಎಣಿಸಿಕೊಂಡು ಬಂದಿದ್ದ.

ಉಸುಕಿನ ವಿಷಯದಲ್ಲಿ ಜನ ತಡ ಮಾಡುವುದು ಜಾಸ್ತಿ. ಟಿಪ್ಪರ್ ಓಡಾಡಲು ಶುರುವಾದ ಮೇಲೆ ಬರುತ್ತಾರೆ. ಯಾವ ಹೊಳೆಯಲ್ಲಿ ಎಲ್ಲಿ ಎಷ್ಟು ಉಸುಕು ತೆಗೆಯಬಹುದು ಅನ್ನುವುದು ಅದಕ್ಕೂ ಮುಂಚೆ ಜಿಲ್ಲಾ ಸಮೀಕ್ಷಾ ವರದಿಯಲ್ಲಿ ಬರೆಯಲ್ಪಟ್ಟಿರುತ್ತದೆ. 2016ರ ನಿಯಮದಂತೆ ಆ ವರದಿಯ ಕರಡನ್ನು ಡಿಸಿ ಕಚೇರಿಯಲ್ಲೂ ಜಿಲ್ಲೆಯ ವೆಬ್‌ಸೈಟ್‌ನಲ್ಲೂ 21 ದಿನ ಇಡಬೇಕು. ಯಾರು ಬೇಕಾದರೂ ಅಭಿಪ್ರಾಯ ಕೊಡಬಹುದು. ಆ 21 ದಿನ ಹಳ್ಳಿಗಳಲ್ಲಿ ಯಾರಿಗೂ ಗೊತ್ತಾಗದೆ ಕಳೆದುಹೋಗುತ್ತವೆ. ಇದು ನನಗೆ ತುಂಬಾ ಬೇಸರದ ಸಂಗತಿ. ಭೀಮಾ, ಕಾಗಿಣಾ, ಮುಲ್ಲಾಮಾರಿ, ಮಾಂಜ್ರಾ ದಂಡೆಯ ಪಂಚಾಯಿತಿಗಳು ತಿಂಗಳಿಗೊಮ್ಮೆ ಆ ವೆಬ್‌ಸೈಟ್ ತೆಗೆದು ನೋಡಿದರೂ ಸಾಕು.

ಗಣಿ, ಕಾರ್ಖಾನೆಗಳ ಆಲಿಕೆ ಸಭೆಗೆ ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆ ಕನಿಷ್ಠ 30 ದಿನ ಕೊಡುತ್ತದೆ. ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಅದರಲ್ಲಿ ಒಂದು ನಮ್ಮ ಭಾಷೆಯದಾಗಿರಬೇಕು. ಸಾರಾಂಶ ಕನ್ನಡದಲ್ಲಿರಬೇಕು. ಸಭೆಗೆ ಬರಲಾಗದವರು ಬರೆದು ಕಳಿಸಬಹುದು. ಬರೆದದ್ದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ. ಸಭೆ ಮುಗಿಯುವ ಮುಂಚೆ ಊಟಕ್ಕೆ ಏಳಬೇಡಿ. ಅಂದು ನಡೆದದ್ದನ್ನು ಕೊನೆಗೆ ಕನ್ನಡದಲ್ಲಿ ಓದಿ ಹೇಳಬೇಕು ಅಂತ ನಿಯಮವಿದೆ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಎದ್ದು ಹೇಳುವ ಗಳಿಗೆ ಅದೇ. ಇಡೀ ಸಭೆಯ ವಿಡಿಯೊ ಆಗುತ್ತಿರುತ್ತದೆ, ಹೆದರಬೇಡಿ.

ಈ ಹಕ್ಕುಗಳೂ ತಾನಾಗಿ ಉಳಿದವಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಆ ಅಧಿಸೂಚನೆಯ ಬದಲಿಗೆ ಹೊಸ ಕರಡು ತಂದಾಗ 30 ದಿನವನ್ನು 20ಕ್ಕೆ ಇಳಿಸುವ ಮಾತಿತ್ತು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದವರು ಓದುವುದು ಹೇಗೆ ಅನ್ನುವ ಪ್ರಶ್ನೆ ನಮ್ಮ ಹೈಕೋರ್ಟಿಗೂ ಹೋಯಿತು. ಸದ್ಯಕ್ಕೆ ಅಂತಿಮಗೊಳಿಸಬೇಡಿ ಅಂತ ಹೈಕೋರ್ಟ್ ಆ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ದೇಶದ ಎಲ್ಲ ಕಡೆಯಿಂದ ಲಕ್ಷಗಟ್ಟಲೆ ಆಕ್ಷೇಪಣೆಗಳು ಹೋದವು. ಬರೆದು ಕೊಟ್ಟರೆ ಏನಾಗುತ್ತದೆ ಅನ್ನುವವರಿಗೆ ಇದನ್ನೂ ಹೇಳುತ್ತೇನೆ.

ಕೆರೆಗಳದ್ದು ಬೇರೆ ಕಥೆ, ಇಲ್ಲಿ ಎಚ್ಚರ ಬೇಕು. ಜೌಗು ಪ್ರದೇಶ ರಕ್ಷಿಸುವ 2017ರ ನಿಯಮ ಇದೆ ಅಂತ ಕೆಲವರು ಧೈರ್ಯವಾಗಿ ಬರುತ್ತಾರೆ. ಆದರೆ ನೀರಾವರಿಗೆ, ಕುಡಿಯುವ ನೀರಿಗೆ ಅಂತಲೇ ಜನ ಕಟ್ಟಿದ ಕೆರೆಗಳನ್ನು ಆ ನಿಯಮ ಹೊರಗಿಟ್ಟಿದೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಕೆರೆಗಳಲ್ಲಿ ಹೆಚ್ಚಿನವು ಅಂಥವೇ. ಸುರಪುರ ತಾಲೂಕಿನ ಬೋನಾಳ ಕೆರೆ ನೋಡಿ. ಸುರಪುರದ ಅರಸರು ಕಟ್ಟಿಸಿದ ಕೆರೆ, ಇವತ್ತು ಪಕ್ಷಿಧಾಮ. ಹಕ್ಕಿಗೆ ಕೆರೆ ಯಾರು ಕಟ್ಟಿದರು ಅನ್ನುವುದು ಬೇಕಾಗಿಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಇವೆರಡೂ ನೀರಾವರಿಗೆ ಕಟ್ಟಿದವೇ. ಹಾಗಾಗಿ ಕೆರೆಯ ತಕರಾರಿನಲ್ಲಿ ನಾನು ಆ ಒಂದೇ ನಿಯಮದ ಮೇಲೆ ಭಾರ ಹಾಕುವುದಿಲ್ಲ. ರಾಜ್ಯದ ಕೆರೆ ಸಂರಕ್ಷಣೆಯ 2014ರ ಕಾಯ್ದೆಯನ್ನೂ ಸೇರಿಸುತ್ತೇನೆ. ಹಳೆಯ ಸರ್ವೆ ನಕ್ಷೆಯ ನಕಲು ತರಲು ಹೇಳುತ್ತೇನೆ. ಕೆರೆಗೆ ನೀರು ತರುವ ನಾಲಾ ಎಲ್ಲಿಂದ ಬರುತ್ತದೆ ಅಂತ ನಡೆದು ನೋಡಿ ಬನ್ನಿ ಅನ್ನುತ್ತೇನೆ. ನಾಲಾ ಮುಚ್ಚಿದರೆ ಕೆರೆಯನ್ನು ಬೇರೆ ಯಾರೂ ಮುಚ್ಚಬೇಕಾಗಿಲ್ಲ.

ಪರಿಸರ ಒಪ್ಪಿಗೆ ಸಿಕ್ಕೇಬಿಟ್ಟಿತು ಅಂದರೆ? ಆಗಲೂ ಕೈ ಬಿಡಬೇಡಿ. ಪರಿಸರದ ವ್ಯಾಜ್ಯ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ ಇರುತ್ತದೆ, ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನ. ನಮಗೆ ಅದು ಚೆನ್ನೈ ಪೀಠ. ದೂರ, ಖರ್ಚು, ಗೊತ್ತು. ಊರಲ್ಲೇ ಮಾಡುವ ಕೆಲಸವೂ ಇದೆ. ಷರತ್ತುಗಳನ್ನು ಹೇಗೆ ಪಾಲಿಸಿದ್ದೇವೆ ಅಂತ ಕಂಪನಿ ವರ್ಷಕ್ಕೆ ಎರಡು ಸಲ, ಜೂನ್ 1ಕ್ಕೆ ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಕೇಳಿ ತರಿಸಿಕೊಂಡು ಹಳ್ಳದ ದಂಡೆಗೆ ಹೋಗಿ, ಒಂದೊಂದು ಸಾಲು ಓದಿ, ಕಣ್ಣಿನಿಂದ ನೋಡಿ.

ಮುದುಕಪ್ಪ ಈಗಿಲ್ಲ. ಅವನ ಮೊಮ್ಮಗ ಹೋದ ವಾರ ಬಂದಿದ್ದ, ಕೈಯಲ್ಲಿ ಪೇಪರಿನ ತುಂಡು. ಪಕ್ಕದ ಊರಿನ ಜಾಗಕ್ಕೆ ಆಲಿಕೆ ಸಭೆಯ ಪ್ರಕಟಣೆ. ಈ ಸಲ ಅವನು ಏನಾಗ್ತದ್ರಿ ಅಂತ ಕೇಳಲಿಲ್ಲ. ತಾರೀಖು ಎಣಿಸಿ, "ಅಕ್ಕಾ, ಇನ್ನಾ ಹತ್ತೊಂಬತ್ತು ದಿನ ಅದಾವ" ಅಂದ. ಕುರ್ಚಿ ಎಳೆದುಕೊಂಡು ಕೂತು, ಟೇಬಲ್ ಮೇಲೆ ಬೆರಳಿನಿಂದ ಹಳ್ಳದ ದಾರಿ ಗೀರಲು ಶುರು ಮಾಡಿದ.