ಪಗಾರ ಇಲ್ಲದ ಕುರ್ಚಿಗೆ ಎಲೆಕ್ಷನ್ ಯಾಕೆ?

ಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ಲಿಬ್ರೆಆಫೀಸ್ ಅನ್ನುವ ಪುಕ್ಕಟೆ ತಂತ್ರಾಂಶದ ಕನ್ನಡ ಅನುವಾದಕ್ಕೆ ನಾನು ಕೆಲಸ ಮಾಡುತ್ತೇನೆ. ಇದು ಗೊತ್ತಾದವರು ಮೊದಲು ಕೇಳುವುದು 'ಎಷ್ಟು ಕೊಡ್ತಾರೆ?' ಅಂತ. ಏನೂ ಕೊಡುವುದಿಲ್ಲ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಆ ತಂತ್ರಾಂಶದ ಹಿಂದೆ ದಿ ಡಾಕ್ಯುಮೆಂಟ್ ಫೌಂಡೇಶನ್ ಅಂತ ಒಂದು ಸಂಸ್ಥೆ ಇದೆ, ಅದರ ಬೋರ್ಡ್‌ಗೆ ಎರಡು ವರ್ಷಕ್ಕೊಮ್ಮೆ ಎಲೆಕ್ಷನ್ ನಡೆಯುತ್ತದೆ, ಅಲ್ಲಿ ನನಗೂ ಒಂದು ಓಟಿದೆ ಅಂದಾಗ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಹುಬ್ಬಳ್ಳಿಯ ನಮ್ಮ ಮನೆಗೆ ಬಂದಿದ್ದ ಗದಗಿನ ಕಾಕಾ ಅದನ್ನು ಹೀಗೆ ಕೇಳಿದರು: "ಆರಿಸಿ ಬಂದೋರಿಗೂ ಪಗಾರ ಇಲ್ಲ ಅಂತಿ. ಮತ್ತ ಎಲೆಕ್ಷನ್ ಯಾಕವಾ? ಮಾಡೋರು ಮಾಡ್ಲಿ ಅಂತ ಬಿಡಬಾರ್ದಾ?"

ಕಾಕಾ ತಮ್ಮೂರಿನ ಕೃಷಿ ಸೊಸೈಟಿಯಲ್ಲಿ ಎರಡು ಸಲ ನಿರ್ದೇಶಕರಾಗಿದ್ದವರು. ಅದಕ್ಕೇ ಅವರಿಗೆ ಉತ್ತರ ಹೇಳುವುದು ನನಗೆ ಸುಲಭವಾಯಿತು. ಪಗಾರ ಇಲ್ಲದ ಹುದ್ದೆಗೆ ಜನ ನಿಲ್ಲುವುದು ನಮ್ಮ ಕಡೆಗೆ ಹೊಸದೇನಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಇದೆ. ಅದರ ಕಾರ್ಯಕಾರಿ ಸಮಿತಿಯನ್ನು ಸದಸ್ಯರೇ ಓಟು ಹಾಕಿ ಆರಿಸುತ್ತಾರೆ. ಅಲ್ಲಿ ನಿಲ್ಲುವವರು ದುಡ್ಡಿಗಾಗಿ ನಿಲ್ಲುತ್ತಾರಾ? ಇಲ್ಲ ಅಲ್ವಾ. ಆ ಸಂಘ ಯಾವ ದಾರಿ ಹಿಡಿಯಬೇಕು ಅನ್ನುವುದರಲ್ಲಿ ತಮ್ಮದೂ ಒಂದು ಮಾತಿರಲಿ ಅಂತ ನಿಲ್ಲುತ್ತಾರೆ.

ಆದರೆ 'ಮಾಡೋರು ಮಾಡ್ಲಿ' ಅನ್ನುವುದಕ್ಕೆ ಇಷ್ಟು ಉತ್ತರ ಸಾಲದು. ಲಿಬ್ರೆಆಫೀಸ್ ಓಪನ್ ಸೋರ್ಸ್ ಅಂದಮೇಲೆ ಅದರ ಕೋಡ್ (ತಂತ್ರಾಂಶವನ್ನು ಬರೆದಿರುವ ಸಾಲುಗಳು) ಎಲ್ಲರದ್ದೂ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಿದ್ದಬಹುದು. ಎಲ್ಲರ ಕೈಯಲ್ಲಿರುವ ವಸ್ತುವಿಗೆ ಯಜಮಾನರನ್ನು ಆರಿಸುವುದು ಯಾಕೆ ಅಂತ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಆಗ ನನಗೆ ಕಣ್ಣು ತೆರೆಸಿದ್ದು ಲಿಬ್ರೆಆಫೀಸ್ ಹುಟ್ಟಿದ ಕಥೆ. ಮೊದಲು ಇದ್ದದ್ದು ಓಪನ್ ಆಫೀಸ್. ಅದರ ಒಡೆತನ ಸನ್ ಕಂಪನಿಯದ್ದು. ಜಗತ್ತಿನ ಮೂಲೆಮೂಲೆಯ ಜನ ಅದಕ್ಕೆ ಪುಕ್ಕಟೆ ಕೆಲಸ ಮಾಡುತ್ತಿದ್ದರು. 2010ರ ಜನವರಿಯಲ್ಲಿ ಸನ್ ಕಂಪನಿಯನ್ನು ಆರೇಕಲ್ ಅನ್ನುವ ಇನ್ನೊಂದು ಕಂಪನಿ ಕೊಂಡುಕೊಂಡಿತು. ಮುಂದೇನಾಗುತ್ತದೋ ಅನ್ನುವ ಚಿಂತೆ ಹತ್ತಿದ ಸ್ವಯಂಸೇವಕರು ಅದೇ ವರ್ಷ ಸೆಪ್ಟೆಂಬರ್ 28ರಂದು ದಿ ಡಾಕ್ಯುಮೆಂಟ್ ಫೌಂಡೇಶನ್ ಘೋಷಿಸಿ ಬೇರೆ ಬಂದರು. ಬರುವಾಗ ಕೋಡ್ ತೆಗೆದುಕೊಂಡು ಬಂದರು, ಅದಕ್ಕೆ ಲೈಸೆನ್ಸಿನ ಒಪ್ಪಿಗೆಯೇ ಇತ್ತು. ಆದರೆ ಹೆಸರು ತರಲಾಗಲಿಲ್ಲ. ಓಪನ್ ಆಫೀಸ್ ಅನ್ನುವ ಹೆಸರಿನ ಟ್ರೇಡ್‌ಮಾರ್ಕ್ ಆರೇಕಲ್ ಹತ್ತಿರವೇ ಉಳಿಯಿತು. ಹತ್ತು ವರ್ಷ ಜನ ದುಡಿದು ಬೆಳೆಸಿದ ಹೆಸರು ಅದು. ಹೊಸ ಹೆಸರು ಇಟ್ಟುಕೊಂಡು ಮತ್ತೆ ಮೊದಲಿನಿಂದ ಊರಿಗೆಲ್ಲ ಪರಿಚಯ ಮಾಡಿಕೊಳ್ಳಬೇಕಾಯಿತು. ಇವತ್ತಿಗೂ ಲಿಬ್ರೆಆಫೀಸ್ ಅಂದರೆ 'ಅದ್ಯಾವುದು?' ಅನ್ನುವವರನ್ನು ನಾನು ನೋಡುತ್ತೇನೆ.

ಅಂದರೆ ಎಲ್ಲರದ್ದು ಅನ್ನುವ ವಸ್ತುವಿಗೂ ಎಲ್ಲರದ್ದಲ್ಲದ ಕೆಲವು ಸಂಗತಿಗಳು ಇರುತ್ತವೆ. ಹೆಸರು, ಲೋಗೋ, ವೆಬ್‌ಸೈಟಿನ ವಿಳಾಸ, ಸರ್ವರ್, ದೇಣಿಗೆ ಬಂದ ದುಡ್ಡು. ಇವು ಯಾರದೋ ಹೆಸರಿನಲ್ಲಿ ಇರಲೇಬೇಕು. ಆ 'ಯಾರೋ' ಯಾರು ಅನ್ನುವುದಕ್ಕೇ ಎಲೆಕ್ಷನ್. ಫೌಂಡೇಶನ್ ಶುರು ಮಾಡಲು ಬೇಕಿದ್ದ 50,000 ಯೂರೋವನ್ನು 2011ರಲ್ಲಿ ಜನ ಎಂಟೇ ದಿನದಲ್ಲಿ ಕೂಡಿಸಿದರು. 2012ರ ಫೆಬ್ರುವರಿಯಲ್ಲಿ ಬರ್ಲಿನ್‌ನಲ್ಲಿ ಅದು ಕಾನೂನಿನ ಪ್ರಕಾರ ನೋಂದಣಿಯಾಯಿತು. ಈ ಬಟನ್ ಇಲ್ಲಿರಲಿ, ಆ ಮೆನು ಅಲ್ಲಿರಲಿ ಅಂತ ಬೋರ್ಡ್ ಹೇಳುವುದಿಲ್ಲ. ಅದು ಡೆವಲಪರ್‌ಗಳ ಕೆಲಸ. ಬೋರ್ಡ್ ನೋಡುವುದು ಬಜೆಟ್, ಒಪ್ಪಂದ, ಟ್ರೇಡ್‌ಮಾರ್ಕ್, ಪಗಾರಕ್ಕೆ ಇಟ್ಟುಕೊಂಡ ಸಣ್ಣ ಸಿಬ್ಬಂದಿ. ಮಜಾ ಇಲ್ಲದ ಕೆಲಸ, ತಪ್ಪಿದರೆ ದೊಡ್ಡ ಪೆಟ್ಟು.

"ಅಂದ್ರ ಗೋಡೌನ್ ಕೀಲಿ ಯಾರ ಕೈಯಾಗ ಇರಬೇಕು ಅನ್ನೋದು," ಅಂದರು ಕಾಕಾ. ಹೌದು, ಅದೇ.

ಇಷ್ಟು ಒಪ್ಪಿದರೆ ಮುಂದಿನ ಪ್ರಶ್ನೆ ಓಟು ಯಾರಿಗೆ ಅನ್ನುವುದು. ನನ್ನ ಮಟ್ಟಿಗೆ ಎಲೆಕ್ಷನ್ನಿನ ಜೀವ ಇರುವುದು ಅಲ್ಲೇ. ಓಟು ಹಾಕುವ ದಿನಕ್ಕಿಂತ ಓಟರ್ ಲಿಸ್ಟ್ ಮಾಡುವ ದಿನ ಮುಖ್ಯ.

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ನಮ್ಮ ಭಾಗದ ಮಕ್ಕಳಿಗೂ ಗೊತ್ತು. ಸಹಕಾರದ ನಿಯಮ ಏನು? ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು. ಕಂಪನಿಯಲ್ಲಿ ಹಾಗಲ್ಲ, ಅಲ್ಲಿ ಷೇರು ಜಾಸ್ತಿ ಇದ್ದವರ ಮಾತು ಜಾಸ್ತಿ. ಡಾಕ್ಯುಮೆಂಟ್ ಫೌಂಡೇಶನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ದುಡ್ಡು ಕೊಟ್ಟು ಸದಸ್ಯರಾಗುವ ದಾರಿಯೇ ಇಲ್ಲ. ಕೆಲಸ ಮಾಡಿರಬೇಕು. ಕನಿಷ್ಠ ಮೂರು ತಿಂಗಳು ಮಾಡಿರಬೇಕು, ಮುಂದಿನ ಆರು ತಿಂಗಳು ಮಾಡುತ್ತೇನೆ ಅಂತ ಮಾತು ಕೊಡಬೇಕು. ಕೋಡ್ ಬರೆಯುವುದೇ ಆಗಬೇಕಿಲ್ಲ. ಅನುವಾದ, ಟೆಸ್ಟಿಂಗ್, ದಾಖಲೆ ಬರೆಯುವುದು, ಬಳಸುವವರಿಗೆ ಸಹಾಯ ಮಾಡುವುದು, ಎಲ್ಲವೂ ನಡೆಯುತ್ತದೆ. 'ಸೇವ್' ಅನ್ನುವ ಕಡೆ 'ಉಳಿಸು' ಅಂತ ಬರಬೇಕು, ಆ ಪದ ಎಲ್ಲ ಕಡೆ ಒಂದೇ ಥರ ಇರಬೇಕು ಅಂತ ಕೂತು ಒಂದೊಂದೇ ಸಾಲು ನೋಡುವ ನನ್ನಂಥವಳಿಗೂ ಒಂದು ಓಟು, ಹತ್ತು ವರ್ಷದಿಂದ ಕೋಡ್ ಬರೆಯುತ್ತಿರುವವರಿಗೂ ಒಂದೇ ಓಟು. ಅರ್ಜಿಯಲ್ಲಿ ಏನೇನು ಮಾಡಿದ್ದೇನೆ ಅಂತ ಬರೆದು ಕಳಿಸಿದೆ. ಸದಸ್ಯತ್ವ ಸಮಿತಿಯವರು ಅದನ್ನು ಪರೀಕ್ಷಿಸಿ ಒಪ್ಪಿಕೊಂಡರು. ಆ ಸಮಿತಿಯನ್ನೂ ಸದಸ್ಯರೇ ಆರಿಸಿರುತ್ತಾರೆ.

ಈ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಮಾತಾಡಲು ಕಾರಣವಿದೆ. ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಸಣ್ಣ ಸಂಘದಲ್ಲಿ ಎಲೆಕ್ಷನ್ನಿಗೆ ಮುಂಚೆ ಒಬ್ಬರೇ ಬಂದು ಅರವತ್ತು ಜನರ ಸದಸ್ಯತ್ವದ ಶುಲ್ಕ ಕಟ್ಟಿದರು. ರಸೀದಿ ಪುಸ್ತಕ ಬರೆಯುತ್ತಿದ್ದವಳು ನಾನೇ. ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತುಂಬಿದ ಅರವತ್ತು ಅರ್ಜಿ. ಬೈಲಾದಲ್ಲಿ ತಪ್ಪೇನೂ ಇರಲಿಲ್ಲ, ಹಾಗಾಗಿ ರಸೀದಿ ಹರಿದು ಕೊಟ್ಟೆ. ಅದರ ಮೊದಲು ಆ ಅರವತ್ತು ಜನರಲ್ಲಿ ಒಬ್ಬರೂ ಒಂದು ಕಾರ್ಯಕ್ರಮಕ್ಕೂ ಬಂದಿರಲಿಲ್ಲ. ಓಟು ಹಾಕಿದ ಮೇಲೂ ಬರಲಿಲ್ಲ. ಆ ಸಂಘ ಈಗ ಹೆಸರಿಗಷ್ಟೇ ಇದೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಓಪನ್ ಸೋರ್ಸ್ ಲೋಕಕ್ಕೂ ಈ ಭಯ ತಪ್ಪಿದ್ದಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂದರೆ ಜನರೇ ಕೂಡಿ ಮಾಡುವ ಜಗತ್ತಿನ ನಕ್ಷೆ. ಅದರ ಫೌಂಡೇಶನ್‌ಗೆ ಶುಲ್ಕ ಕಟ್ಟಿ ಸದಸ್ಯರಾಗಬಹುದು. 2018ರ ನವೆಂಬರ್‌ನಲ್ಲಿ, ಬೋರ್ಡ್ ಎಲೆಕ್ಷನ್ ಹತ್ತಿರವಿರುವಾಗ, ಒಂದೇ ದಿನ ಒಂದೇ ಕಂಪನಿಯ ಸುಮಾರು ನೂರು ಜನ ಸದಸ್ಯತ್ವಕ್ಕೆ ಬಂದರು. ದೊಡ್ಡ ಚರ್ಚೆಯಾಯಿತು, ವಿಚಾರಣೆಯೂ ನಡೆಯಿತು. ಆಮೇಲೆ ಫೌಂಡೇಶನ್ನಿನವರು ಇನ್ನೊಂದು ಒಳ್ಳೆಯ ಬಾಗಿಲು ತೆರೆದರು: ವರ್ಷದಲ್ಲಿ 42 ದಿನ ನಕ್ಷೆ ತಿದ್ದಿದವರಿಗೆ ಶುಲ್ಕವಿಲ್ಲದೆ ಸದಸ್ಯತ್ವ. ಬೇರೆ ರೀತಿಯಲ್ಲಿ ದುಡಿದವರೂ ಅರ್ಜಿ ಹಾಕಬಹುದು. ದುಡ್ಡಿಲ್ಲದ ಹುಡುಗನೊಬ್ಬ ಹಾವೇರಿಯಲ್ಲಿ ಕೂತು ತನ್ನೂರಿನ ಓಣಿಗಳನ್ನು ನಕ್ಷೆಗೆ ಸೇರಿಸುತ್ತಿದ್ದರೆ ಅವನಿಗೂ ಓಟು ಸಿಗುತ್ತದೆ. ನನಗೆ ಇದು ತುಂಬಾ ಇಷ್ಟವಾದ ನಿಯಮ.

ಓಟು ಎಣಿಸುವ ರೀತಿಗೆ ಬಂದರೆ, ಕಾಕಾಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದೇ. ಸೊಸೈಟಿ ಎಲೆಕ್ಷನ್ನಿನಲ್ಲಿ ಪೆನಲ್, ಅಂದರೆ ಒಟ್ಟಿಗೆ ನಿಲ್ಲುವವರ ಗುಂಪು, ಕಟ್ಟುತ್ತಾರೆ. ನೂರರಲ್ಲಿ 51 ಜನ ಒಂದು ಪೆನಲ್ ಕಡೆ ಇದ್ದರೆ ಎಲ್ಲ ಸೀಟೂ ಆ ಪೆನಲ್ಲಿಗೆ. ಉಳಿದ 49 ಜನರ ಪರ ಒಳಗೆ ಒಬ್ಬರೂ ಇಲ್ಲ. ಡಾಕ್ಯುಮೆಂಟ್ ಫೌಂಡೇಶನ್‌ನಲ್ಲಿ ಹಾಗೆ ಟಿಕ್ ಹಾಕುವುದಿಲ್ಲ. ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಅಂತ ನಂಬರ್ ಕೊಡಬೇಕು. ಕಾಕಾಗೆ ನಾನು ಹೇಳಿದ್ದು ಹೀಗೆ. ಸಂಜೆ ಹುಡುಗನ ಕೈಗೆ ದುಡ್ಡು ಕೊಟ್ಟು ಕಳಿಸುತ್ತೇವೆ: "ಗಿರ್ಮಿಟ್ ತಾ. ಗಿರ್ಮಿಟ್ ಮುಗಿದಿದ್ರ ಮಿರ್ಚಿ ತಾ. ಅದೂ ಇಲ್ಲಂದ್ರ ಚುರಮರಿ." ನಮ್ಮ ಮೊದಲ ಆಸೆ ಆಗದಿದ್ದರೂ ದುಡ್ಡು ಹಾಳಾಗುವುದಿಲ್ಲ. ಮನೆಯಲ್ಲಿ ಆಗಲೇ ಸಾಕಷ್ಟು ಗಿರ್ಮಿಟ್ ಬಂದಿದ್ದರೂ ಅಷ್ಟೇ, ಉಳಿದ ದುಡ್ಡಿಗೆ ಮಿರ್ಚಿ ಬರುತ್ತದೆ. ಓಟೂ ಹೀಗೇ ಸಾಗುತ್ತದೆ. ನಾನು ಮೊದಲು ಬರೆದವರು ಸೋತರೆ ನನ್ನ ಓಟು ಎರಡನೆಯವರಿಗೆ ಹೋಗುತ್ತದೆ. ಮೊದಲು ಬರೆದವರಿಗೆ ಗೆಲ್ಲಲು ಬೇಕಾದ್ದಕ್ಕಿಂತ ಜಾಸ್ತಿ ಓಟು ಬಿದ್ದಿದ್ದರೆ ಹೆಚ್ಚಾದ ಪಾಲು ಮುಂದಕ್ಕೆ ಹರಿಯುತ್ತದೆ.

ಕಾಕಾ ಲೆಕ್ಕ ಕೇಳಿದರು. ಹಳೆಯ ಕರೆಂಟ್ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. 200 ಓಟು, 7 ಸೀಟು ಅಂದುಕೊಳ್ಳಿ. ಸೀಟಿಗೆ ಒಂದು ಕೂಡಿಸಿ 8ರಿಂದ ಭಾಗಿಸಿದರೆ 25. ಸುಮಾರು ಅಷ್ಟು ಓಟು ಕೂಡಿದರೆ ಒಂದು ಸೀಟು. ಒಂದು ಗುಂಪಿನ ಕಡೆ 102, ಇನ್ನೊಂದರ ಕಡೆ 98 ಇದ್ದರೆ? ಪೆನಲ್ ಲೆಕ್ಕದಲ್ಲಿ ಏಳಕ್ಕೆ ಏಳೂ ಮೊದಲ ಗುಂಪಿಗೆ. ಇಲ್ಲಿ ನಾಲ್ಕು ಮತ್ತು ಮೂರು. ಕಾಕಾ ಆ ಚೀಟಿಯನ್ನು ಸ್ವಲ್ಪ ಹೊತ್ತು ನೋಡಿದರು. ಮಡಚಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡರು.

ಇದರ ಮೇಲೆ ಇನ್ನೊಂದು ಬೇಲಿ ಇದೆ. ಒಂದೇ ಕಂಪನಿಯವರು ಬೋರ್ಡಿನ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಅಂದರೆ ಏಳು ಜನರ ಬೋರ್ಡಿನಲ್ಲಿ ಇಬ್ಬರು, ಅಷ್ಟೇ. ಗ್ನೋಮ್ ಅನ್ನುವ ಇನ್ನೊಂದು ಓಪನ್ ಸೋರ್ಸ್ ತಂತ್ರಾಂಶದ ಫೌಂಡೇಶನ್ ಕೂಡ ಇಂಥದೇ ಮಿತಿ ಇಟ್ಟುಕೊಂಡಿದೆ, ಅಲ್ಲಿ ನೂರಕ್ಕೆ 40. ಕಂಪನಿಗಳು ಕೆಟ್ಟವು ಅಂತ ಅಲ್ಲ. ಲಿಬ್ರೆಆಫೀಸ್ ಕೋಡಿನ ದೊಡ್ಡ ಪಾಲು ಬರೆಯುವವರು ಕಂಪನಿಗಳ ನೌಕರರೇ. ಆದರೆ 2010ರಲ್ಲಿ ಒಮ್ಮೆ ಮನೆ ಬಿಟ್ಟು ಬಂದವರು ಹೊಸ ಮನೆಗೆ ಚಿಲಕ ಗಟ್ಟಿಯಾಗಿ ಹಾಕಿಸಿಕೊಳ್ಳುವುದು ಸಹಜ ಅಲ್ವಾ?

ಇಷ್ಟೆಲ್ಲಾ ಆದಮೇಲೂ ಕೆಲವರು ಹೇಳುತ್ತಾರೆ, ಏಳು ಒಳ್ಳೆಯವರನ್ನು ಒಪ್ಪಿಸಿ ಅವಿರೋಧ ಮಾಡಿಬಿಡಿ ಅಂತ. ನಮ್ಮ ಕಡೆ ಅವಿರೋಧ ಆಯ್ಕೆ ಅಂದರೆ ಹೆಮ್ಮೆ. ಹಾರ, ಗುಲಾಲು, ಫೋಟೋ. ನಾನು ಮಾತ್ರ ಇದನ್ನು ಒಪ್ಪುವುದಿಲ್ಲ. ಎದುರಿಗೆ ಇನ್ನೊಬ್ಬರು ಇದ್ದರೇನೇ ಅಭ್ಯರ್ಥಿ ಬಾಯಿ ಬಿಟ್ಟು ಹೇಳಬೇಕಾಗುವುದು: ದುಡ್ಡು ಎಲ್ಲಿ ಖರ್ಚು ಮಾಡುತ್ತೇನೆ, ಯಾವುದಕ್ಕೆ ಬೇಡ ಅನ್ನುತ್ತೇನೆ. ಯಾರೂ ನಿಲ್ಲದೇ ಇರುವುದೂ ಉಂಟು. ಡೆಬಿಯನ್ ಅಂದರೆ ಕಂಪ್ಯೂಟರ್ ನಡೆಸುವ ಒಂದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್. 2019ರಲ್ಲಿ ಆ ಯೋಜನೆಯ ಮುಖ್ಯಸ್ಥರ ಹುದ್ದೆಗೆ ಗಡುವು ಮುಗಿದರೂ ಒಂದೂ ನಾಮಪತ್ರ ಬರಲಿಲ್ಲ. ಯಾರನ್ನೋ ಹಿಡಿದು ಕೂರಿಸಲಿಲ್ಲ. ಒಂದು ವಾರ ಗಡುವು ಮುಂದೆ ಹಾಕಿದರು, ಜನ ಮುಂದೆ ಬಂದರು, ಎಲೆಕ್ಷನ್ ನಡೆಯಿತು. ಡೆಬಿಯನ್‌ನಲ್ಲಿ ಮತಪತ್ರದ ಮೇಲೆ 'ಇವರಲ್ಲಿ ಯಾರೂ ಬೇಡ' ಅನ್ನುವ ಆಯ್ಕೆಯೂ ಇರುತ್ತದೆ, ಅದಕ್ಕೂ ನಂಬರ್ ಕೊಡಬಹುದು.

ಆ ರಾತ್ರಿ ಊಟ ಮುಗಿದ ಮೇಲೆ ಕಾಕಾ ನನ್ನ ಪಕ್ಕ ಕೂತು, ನಾನು ಓಟು ಹಾಕಬೇಕಿದ್ದ ಡಾಕ್ಯುಮೆಂಟ್ ಫೌಂಡೇಶನ್ ಎಲೆಕ್ಷನ್ನಿನ ಅಭ್ಯರ್ಥಿಗಳ ಪಟ್ಟಿ ಓದಿಸಿದರು. ಪ್ರತಿಯೊಬ್ಬರೂ ತಮ್ಮ ಬಗ್ಗೆ ಒಂದು ಸಣ್ಣ ಪ್ಯಾರಾ ಬರೆದಿದ್ದರು, ಎಲ್ಲಿ ಕೆಲಸ ಮಾಡುತ್ತೇವೆ ಅಂತಲೂ ಹೇಳಿದ್ದರು. ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಕಾಕಾ ಒಂದೇ ಪ್ರಶ್ನೆ ಕೇಳಿದರು: "ಇಂವ ಮೀಟಿಂಗಿಗೆ ಬರ್ತಾನೇನು?"

ನಾನು ಯಾವತ್ತೂ ಅದನ್ನು ನೋಡಿರಲಿಲ್ಲ. ಯಾರು ಚೆನ್ನಾಗಿ ಬರೆದಿದ್ದಾರೆ, ಯಾರ ಹೆಸರು ನನಗೆ ಗೊತ್ತಿದೆ, ಅಷ್ಟೇ ನೋಡುತ್ತಿದ್ದೆ. ಬೋರ್ಡ್ ಸಭೆಗಳ ನಡಾವಳಿ ಎಲ್ಲರಿಗೂ ಸಿಗುವ ಹಾಗೆ ಪ್ರಕಟವಾಗುತ್ತದೆ. ಇಬ್ಬರೂ ಕೂತು ಹಳೆಯ ನಡಾವಳಿ ತೆಗೆದೆವು. ಹಾಜರಿದ್ದವರ ಸಾಲಿನಲ್ಲಿ ಒಂದು ಹೆಸರು ಸಭೆಯಿಂದ ಸಭೆಗೆ ಬರುತ್ತಲೇ ಇತ್ತು. ಅವರ ಪ್ಯಾರಾ ಮೂರೇ ಸಾಲಿನದ್ದು, ನಾನು ಐದನೇ ನಂಬರ್ ಕೊಡಬೇಕು ಅಂದುಕೊಂಡಿದ್ದೆ. ಎರಡಕ್ಕೆ ತಂದೆ.

"ಒಂದಕ್ಕ ಯಾರು?" ಅಂದರು ಕಾಕಾ. ಕೇಳಿದವರೇ ಕೈ ಅಡ್ಡ ಆಡಿಸಿ, "ಬ್ಯಾಡ ಬಿಡು, ಹೇಳಬ್ಯಾಡ," ಅಂತ ಎದ್ದು ಆಚೆ ಹೋಗಿ ನಿಂತರು. ನಾನು ಬಟನ್ ಒತ್ತಿದ ಮೇಲೆಯೇ ಒಳಗೆ ಬಂದದ್ದು.