ಜಿಪ್ಸಿಗೆ ಸ್ವಿಫ್ಟ್ ಡೀಸೆಲ್ ಇಂಜಿನ್ ಕೂರಿಸಬಹುದಾ?

ಕೊಡಗಿನಲ್ಲಿ ಮಳೆಗಾಲ ಶುರುವಾಗಿ ತೋಟದ ರಸ್ತೆ ಕೆಸರಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಮಾರುತಿ ಜಿಪ್ಸಿ ಇದೆ, ಚಾಸಿ ಗಟ್ಟಿಯಾಗಿದೆ, ಆದರೆ ಪೆಟ್ರೋಲ್ ಕುಡಿಯುತ್ತದೆ, ಗೊಬ್ಬರದ ಮೂಟೆ ಹೇರಿದರೆ ಏರಿನಲ್ಲಿ ಉಸಿರು ಕಟ್ಟುತ್ತದೆ. ಗುಜರಿಯಲ್ಲಿ ಸ್ವಿಫ್ಟ್‌ನ 1.3 ಡೀಸೆಲ್ ಇಂಜಿನ್ ಸಿಗುತ್ತಿದೆ, ಹಾಕಿಸಿಬಿಡೋಣವೇ?

ಕೂರಿಸಬಹುದು, ಕೂರಿಸಿದವರೂ ಇದ್ದಾರೆ. ಆದರೂ ಕೇಳುವ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ನಮ್ಮ ಉತ್ತರ ‘ಬೇಡ’.

ಆಸೆ ಹುಟ್ಟುವುದು ಎಲ್ಲಿಂದ ಅಂದರೆ ಈ ಲೆಕ್ಕದಿಂದ. 2000ದ ನಂತರದ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಜಿಪ್ಸಿಯ 1298 ಸಿಸಿ ಇಂಜಿನ್‌ಗೆ 80 ಬಿಎಚ್‌ಪಿ, 103 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಅದೂ 4500 ಆರ್‌ಪಿಎಂ ಮುಟ್ಟಿದ ಮೇಲೆ. ಸ್ವಿಫ್ಟ್‌ನ 1248 ಸಿಸಿ ಡೀಸೆಲ್ 2000 ಆರ್‌ಪಿಎಂಗೇ 190 ನ್ಯೂಟನ್ ಮೀಟರ್ ಕೊಡುತ್ತದೆ. ಮೇಲಾಗಿ ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಇಂಜಿನ್ ಹತ್ತಿರ ಹತ್ತರಲ್ಲೊಂದು ಪಾಲು ಶಕ್ತಿಯನ್ನು ಅಲ್ಲೇ ಬಿಟ್ಟುಕೊಡುತ್ತದೆ.

ಹಾಗಂತ ಲೇತ್ ಅಂಗಡಿಗೆ ಹೋಗುವ ಮೊದಲು ಗಾಡಿಯ ಟೈರ್ ನೋಡಿ. ಕಂಪನಿಯ 205/70 ಆರ್15 ಟೈರಿನ ವ್ಯಾಸ ಸುಮಾರು 668 ಮಿ.ಮೀ. ಚೆಂದಕ್ಕೆಂದು 31 ಇಂಚಿನದು ಹಾಕಿಸಿದ್ದರೆ ಚಕ್ರಕ್ಕೆ ಹೋಗುವ ಎಳೆತದಲ್ಲಿ ಶೇಕಡಾ 15 ಆಗಲೇ ಹೋಯಿತು. ಇಂಜಿನ್ ಸತ್ತಿದೆ ಅಂತ ಬರುವ ಗಾಡಿಗಳಲ್ಲಿ ಈ ಕಾಯಿಲೆಯೇ ಜಾಸ್ತಿ.

ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಗೇಜ್ ಇಟ್ಟು ನೋಡುವುದು. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಚದರ ಸೆಂ.ಮೀ.ಗೆ 14 ಕೆಜಿ ಬಂದರೆ ಚೆನ್ನಾಗಿದೆ, 12ಕ್ಕಿಂತ ಇಳಿದರೆ ರಿಂಗ್ ಅಥವಾ ವಾಲ್ವ್ ಕೆಲಸ. ಈ ಅಂಕಿ ಸಮುದ್ರಮಟ್ಟದ್ದು. ಮಡಿಕೇರಿಯಲ್ಲಿ ಗೇಜ್ ಒಂದೂವರೆ ಕೆಜಿ ಕಮ್ಮಿ ತೋರಿಸಿದರೆ ಗಾಬರಿ ಬೇಡ. ಸಿಲಿಂಡರ್‌ನಿಂದ ಸಿಲಿಂಡರ್‌ಗೆ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಹೆಡ್ ಬಿಚ್ಚಬೇಕು.

ಈಗ ಗೇರಿನ ಲೆಕ್ಕ. ನಮ್ಮ ‘ಬೇಡ’ ನಿಂತಿರುವುದು ಇದರ ಮೇಲೆ. ಜಿಪ್ಸಿಯ ಮೊದಲ ಗೇರಿನ ಅನುಪಾತ 3.652, ಟ್ರಾನ್ಸ್‌ಫರ್ ಕೇಸಿನ (ಎಳೆತವನ್ನು ಹಿಂದಿನ, ಮುಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಲೋ ಗೇರಿನದು 2.268. ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್ ಹಲ್ಲುಚಕ್ರದ್ದು 3.9 ಎಂದು ಹಿಡಿದರೆ ಮೂರನ್ನೂ ಗುಣಿಸಿ ಒಟ್ಟು 32 ಚಿಲ್ಲರೆ. ಅಂದರೆ 1000 ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 4 ಕಿ.ಮೀ. (ನಿಮ್ಮ ಗಾಡಿಯ ಕ್ರೌನ್-ಪಿನಿಯನ್ ಎಷ್ಟಿದೆ ಎಂದು ಹಲ್ಲು ಎಣಿಸಿಯೇ ಖಚಿತಪಡಿಸಿಕೊಳ್ಳಿ.) ಇದೇ ಕುಲದ ಗಾಡಿ ಹೊರದೇಶದಲ್ಲಿ ಸುಜುಕಿ ಸಮುರಾಯ್ ಹೆಸರಲ್ಲಿ ಮಾರಾಟವಾಗಿದ್ದರಿಂದ ಅದಕ್ಕೆ 4.16 ಲೋ ಕೊಡುವ ಗೇರ್ ಸೆಟ್ ತಯಾರಿಸುತ್ತಾರೆ. ಅದನ್ನು ಹಾಕಿದರೆ ಒಟ್ಟು 59 ಆಗುತ್ತದೆ, ಗಾಡಿ ಗಂಟೆಗೆ 2 ಕಿ.ಮೀ. ವೇಗದಲ್ಲಿ ಏರು ಹತ್ತುತ್ತದೆ. 2.268ರಿಂದ 4.16ಕ್ಕೆ ಹೋದರೆ ಎಳೆತ 1.83 ಪಟ್ಟು. 103ರಿಂದ 190 ನ್ಯೂಟನ್ ಮೀಟರ್‌ಗೆ ಹೋದರೆ 1.84 ಪಟ್ಟು. ಫೋರ್ ಲೋದಲ್ಲಿ (ನಾಲ್ಕೂ ಚಕ್ರ ಲೋ ಗೇರಿನಲ್ಲಿ ಎಳೆಯುವಾಗ) ಎರಡೂ ಒಂದೇ! ಒಂದಕ್ಕೆ ಟ್ರಾನ್ಸ್‌ಫರ್ ಕೇಸ್ ಮಾತ್ರ ಇಳಿಸಿ ಬಿಚ್ಚಿದರೆ ಸಾಕು, ಇನ್ನೊಂದಕ್ಕೆ ಇಡೀ ಗಾಡಿಯನ್ನೇ ಬಿಚ್ಚಬೇಕು. ಸೆಟ್ ತರಿಸುವ ಮುಂಚೆ ಶಾಫ್ಟ್, ಅದರ ಮೇಲಿನ ಸ್ಪ್ಲೈನ್ (ಉದ್ದುದ್ದ ಹಲ್ಲು) ಅಳತೆ ಹೊಂದುತ್ತದೆಯೇ ನೋಡಿ. ಕೆಲವು ಸೆಟ್‌ಗಳು ಹೈ ಗೇರನ್ನೂ ಬದಲಿಸುತ್ತವೆ. ಇನ್ನೊಂದು ಎಚ್ಚರಿಕೆ: ಇಷ್ಟು ಎಳೆತ ಇಟ್ಟುಕೊಂಡು ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಆಕ್ಸಲ್ ಜಾಯಿಂಟ್ ಒಡೆಯುತ್ತದೆ. ಡೀಸೆಲ್ ಹಾಕಿದರೂ ಅದೇ ಗತಿ.

ದಿನಾ ಮೈಸೂರಿಗೆ ಓಡಾಡುವವರಿಗೆ ಈ ಗೇರಿನಿಂದ ಲಾಭವಿಲ್ಲ, ಒಪ್ಪುತ್ತೇವೆ. ಆದರೆ ಅವರಿಗೆ ಜಿಪ್ಸಿಯಿಂದಲೇ ಏನು ಲಾಭವೋ ತಿಳಿಯದು.

ಇಷ್ಟಾದರೂ ಡೀಸೆಲ್ಲೇ ಬೇಕು ಎನ್ನುವವರಿಗೆ, ತೊಡಕು ಎಲ್ಲೆಲ್ಲಿ ಬರುತ್ತದೆ ಹೇಳುತ್ತೇವೆ. ಸ್ವಿಫ್ಟ್‌ನಲ್ಲಿ ಇಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ ಕೂರಬೇಕು. ಇಂಜಿನ್‌ಗೂ ಜಿಪ್ಸಿಯ ಗೇರ್‌ಬಾಕ್ಸಿಗೂ ನಡುವೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಬೇಕೇ ಬೇಕು. ಪ್ಲೇಟ್ ಕಡಿಯುವುದು ಕಷ್ಟವಲ್ಲ, ಕ್ರ್ಯಾಂಕಿನ ನಡುಗೆರೆಯೂ ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆಯೂ ಒಂದೇ ಆಗುವಂತೆ ಕೂರಿಸುವುದು ಕಷ್ಟ. ಡಯಲ್ ಗೇಜ್ ಇಟ್ಟು ತಿರುಗಿಸಿದಾಗ 0.1 ಮಿ.ಮೀ. ಒಳಗೇ ಇರಬೇಕು. ಕಣ್ಣಳತೆಯಲ್ಲಿ ಕೂರಿಸಿದ ಗಾಡಿ ಸ್ವಲ್ಪ ದಿನ ಓಡಿ ಆಮೇಲೆ ಬೇರಿಂಗ್ ಕೂಗುತ್ತದೆ, ಗೇರ್ ತಾನಾಗಿ ಹಾರುತ್ತದೆ. ಮುಂದಿನ ಚಕ್ರ ಎಳೆಯುವ ಕಾರುಗಳ ಕ್ರ್ಯಾಂಕಿನ ತುದಿಯಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್‌ಗೆ ಗುಂಡಿಯೇ ಇಲ್ಲದಿರಬಹುದು. ಅದನ್ನು ಮೊದಲು ನೋಡಿ, ಇಂಜಿನ್‌ಗೆ ದುಡ್ಡು ಕೊಡುವ ಮೊದಲೇ.

ಇಂಜಿನ್ ಅಡಿಯ ಆಯಿಲ್ ಚೇಂಬರ್ ಇನ್ನೊಂದು ತಲೆನೋವು. ಕೆಳಗೆ ಮುಂದಿನ ಆಕ್ಸಲ್ ಇದೆ. ಕಮಾನು ಪಟ್ಟಿ ಬಂಪ್ ಸ್ಟಾಪ್‌ವರೆಗೂ ಒತ್ತಿದಾಗ ಚೇಂಬರಿಗೂ ಆಕ್ಸಲ್ ಹೌಸಿಂಗ್‌ಗೂ ಕನಿಷ್ಠ 25 ಮಿ.ಮೀ. ಜಾಗ ಉಳಿಯಬೇಕು. ಅದಕ್ಕಾಗಿ ಚೇಂಬರ್ ಕತ್ತರಿಸಿ ವೆಲ್ಡ್ ಮಾಡುತ್ತಾರೆ, ಆಯಿಲ್ ಹೀರುವ ಸ್ಟ್ರೇನರನ್ನೂ ಸರಿಸುತ್ತಾರೆ. ಒಳಗೆ ತಡೆ ತಗಡು ಹಾಕದಿದ್ದರೆ ಕಡಿದಾದ ಏರಿನಲ್ಲಿ ಆಯಿಲ್ ಒಂದು ಕಡೆ ಸರಿದು ಸ್ಟ್ರೇನರ್ ಗಾಳಿ ಹೀರುತ್ತದೆ. ಬಯಲುಸೀಮೆಯ ಗ್ಯಾರೇಜಿನಲ್ಲಿ ಪಾಸಾದ ಗಾಡಿ ಮಾಂದಲಪಟ್ಟಿ ದಾರಿಯಲ್ಲಿ ಬೇರಿಂಗ್ ಕಚ್ಚುವುದು ಹೀಗೆ.

ಬ್ರೇಕ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಪೆಟ್ರೋಲ್ ಗಾಡಿಯ ಬ್ರೇಕ್ ಬೂಸ್ಟರ್‌ಗೆ (ಪೆಡಲ್ ಹಗುರ ಮಾಡುವ ಭಾಗ) ವ್ಯಾಕ್ಯೂಮ್ ಬರುವುದು ಇಂಜಿನ್ ಗಾಳಿ ಎಳೆಯುವ ಇನ್‌ಟೇಕ್‌ನಿಂದ. ಡೀಸೆಲ್‌ನಲ್ಲಿ ಅದಿಲ್ಲ, ವ್ಯಾಕ್ಯೂಮ್ ಪಂಪಿನಿಂದಲೇ ಪೈಪ್ ಎಳೆಯಬೇಕು. ಪಂಪ್ ಸರಿ ಇಲ್ಲದೆ ಸಂಪಾಜೆ ಘಾಟಿ ಇಳಿಯುವ ಸಾಹಸ ಯಾರಿಗೂ ಬೇಡ.

ವೈರಿಂಗ್‌ಗೆ ಒಂದೇ ಉಪಾಯ: ಇಂಜಿನ್ ಮಾತ್ರ ಕೊಳ್ಳಬೇಡಿ, ಹಿಂದಿನಿಂದ ಗುದ್ದಿಸಿಕೊಂಡ ಇಡೀ ಕಾರನ್ನೇ ಕೊಳ್ಳಿ. ಇಸಿಯು (ಇಂಜಿನ್ ಕಂಪ್ಯೂಟರ್), ಅದರದೇ ಕೀ, ಬೇರೆ ಕೀಗೆ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್, ಆಕ್ಸಿಲರೇಟರ್ ಪೆಡಲ್, ಮೀಟರ್, ಫ್ಯೂಸ್ ಬಾಕ್ಸ್ ಎಲ್ಲ ಒಂದೇ ಗಾಡಿಯದಾಗಿರಲಿ. ನೆರೆಯಲ್ಲಿ ಮುಳುಗಿದ ಕಾರು ಅಗ್ಗಕ್ಕೆ ಸಿಕ್ಕರೂ ಬೇಡ, ಕನೆಕ್ಟರ್ ಒಳಗೆ ಹಿಡಿದ ಕಿಲುಬು ವರ್ಷವಿಡೀ ಕಾಡುತ್ತದೆ. ಡೀಸೆಲ್ ಟ್ಯಾಂಕಿಗೆ ರಿಟರ್ನ್ ಲೈನ್, ನೀರು ಬೇರ್ಪಡಿಸುವ ಫಿಲ್ಟರ್, ಇಂಟರ್‌ಕೂಲರ್‌ಗೆ ಜಾಗ, ಸರಿಯಾದ ಕವಚವಿರುವ ರೇಡಿಯೇಟರ್ ಫ್ಯಾನ್ ಇವೆಲ್ಲ ಸೇರಿದಾಗ ಇಂಜಿನ್‌ಗೆ ಕೊಟ್ಟಷ್ಟೇ ದುಡ್ಡು ಮತ್ತೆ ಖರ್ಚಾಗಿರುತ್ತದೆ. ಹೆಚ್ಚಾದರೂ ಆಶ್ಚರ್ಯವಿಲ್ಲ.

ಕಾನೂನು? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಾಖಂಡಿತವಾಗಿ ಹೇಳಿತು. ಇಂಧನ ಬದಲಿಸಲು ವಿನಾಯಿತಿ ಇದೆ, ಆದರೆ ಅದು ಅನುಮೋದಿತ ಕಿಟ್‌ಗಳಿಗೆ. ಗುಜರಿಯಿಂದ ತಂದ ಸ್ವಿಫ್ಟ್ ಇಂಜಿನ್ ಕಿಟ್ ಅಲ್ಲ. ಅದೇ ವರ್ಷ ತಿದ್ದುಪಡಿಯಾದ 182ಎ ಸೆಕ್ಷನ್ನಿನಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹದಿನೈದು ವರ್ಷ ತುಂಬಿದ ಕೆಎ-12 ಗಾಡಿಯನ್ನು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಮಡಿಕೇರಿ ಆರ್‌ಟಿಒ ಮುಂದೆ ನಿಲ್ಲಿಸಿದಾಗ ಇಂಜಿನ್ ನಂಬರ್ ನೋಡಿಯೇ ನೋಡುತ್ತಾರೆ. ಅಪಘಾತವಾದರೆ ಇನ್ಶೂರೆನ್ಸ್‌ನವರಿಗೂ ಇದೇ ನೆಪ ಸಾಕು. ಹಾಗಾಗಿ ಈ ಇಂಜಿನ್ ಬದಲಾವಣೆ ಸ್ವಂತ ತೋಟದ ಗೇಟು ದಾಟದ ಗಾಡಿಗೆ ಮಾತ್ರ.

ಹಳೆಯ 1.3 ಕಾರ್ಬ್ಯುರೇಟರ್ ಜಿಪ್ಸಿ ಇರುವವರು ಎಂಪಿಎಫ್‌ಐ ಜಿಪ್ಸಿಯದೇ ಇಂಜಿನ್, ವೈರಿಂಗ್, ಇಸಿಯು ಹುಡುಕುವುದು ವಾಸಿ. ಚಾಸಿ, ಗೇರ್‌ಬಾಕ್ಸ್ ಬದಿಯ ತಕರಾರು ತೀರಾ ಕಮ್ಮಿ. ಆರ್‌ಟಿಒಗೆ ಅರ್ಜಿ ಕೊಡುವುದು ಮಾತ್ರ ಅಲ್ಲೂ ತಪ್ಪದು. ಹಳೆಯ ಬಲೆನೊದ 1.6 ಪೆಟ್ರೋಲ್ ಹಾಕುವವರಿದ್ದಾರೆ. ಒಂದೇ ಕುಲದ ಇಂಜಿನ್, ಆದರೆ ಅದೂ ಅಡ್ಡಕ್ಕೆ ಕೂರುವಂಥದ್ದಾದ್ದರಿಂದ ಚೇಂಬರ್, ಮ್ಯಾನಿಫೋಲ್ಡ್ ಕೆಲಸ ಇದ್ದೇ ಇದೆ. ಮಹೀಂದ್ರ ಜೀಪಿನ ಡಿಐ ಡೀಸೆಲ್ ಇಂಜಿನ್ ಜಿಪ್ಸಿಗೆ ಬೇಡವೇ ಬೇಡ. ಸಾವಿರ ಕೆಜಿಯ ಗಾಡಿಗೆ ಅದರ ಭಾರ ಹೊರಿಸಿದರೆ ಕೆಸರಿನಲ್ಲಿ ಮೂತಿ ಹೂತುಕೊಳ್ಳುತ್ತದೆ.

ತೋಟದೊಳಗಿನ ಗಾಡಿಗೆ ಡೀಸೆಲ್ ಕೂರಿಸಿಯೇ ಆಗಿದ್ದರೆ, ಮೊದಲು ಖಾಲಿ ಗಾಡಿ ಓಡಿಸಿ. ಇಂಜಿನ್ ಮೌಂಟ್, ಟ್ರಾನ್ಸ್‌ಫರ್ ಕೇಸಿನ ಮೂರು ರಬ್ಬರ್, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಇವನ್ನು ವಾರಕ್ಕೊಮ್ಮೆ ಬಿಗಿ ನೋಡಿ. ಮೂಟೆ ಹೇರುವುದು ಆಮೇಲೆ, ಅದೂ ಕಾಫಿ ಕುಯ್ಲಿನ ಒಣಗಾಲದಲ್ಲಿ. ಲೋ ಗೇರಿನಲ್ಲಿ ಅರ್ಧ ಗಂಟೆ ಏರಿಸಿದರೂ ಟೆಂಪರೇಚರ್ ಮುಳ್ಳು ಅಲ್ಲಾಡದಿದ್ದರೆ ಮಾತ್ರ ಆ ಗಾಡಿಯನ್ನು ಮುಂದಿನ ಮಳೆಗಾಲದ ಕೆಲಸಕ್ಕೆ ಇಳಿಸಿ.