ಕಾರಂತರೋ ಕಾರ್ನಾಡರೋ: ಒಂದು ಪದಬಂಧದ ತಕರಾರು

ಪುರವಣಿ ಡೆಸ್ಕ್‌ನಲ್ಲಿ ಪದಬಂಧ ನೋಡಿಕೊಳ್ಳುವುದು ಸಣ್ಣ ಕೆಲಸ ಅಂತ ಆಫೀಸಿನಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಸುದ್ದಿಯಲ್ಲಿ ತಪ್ಪಾದರೆ ಒಂದಿಬ್ಬರು ಫೋನ್ ಮಾಡಬಹುದು. ಪದಬಂಧದಲ್ಲಿ ತಪ್ಪಾದರೆ ಭಾನುವಾರ ಬೆಳಿಗ್ಗೆಯಿಂದ ಫೋನ್ ಕೆಳಗಿಡೋಕೆ ಆಗಲ್ಲ. ಒಂದು ವಾರದ ಬಹುಮಾನದ ಪದಬಂಧ ನನಗೆ ಇವತ್ತಿಗೂ ಚುಚ್ಚುತ್ತದೆ. ಡೆಸ್ಕಿಗೆ ಹೊಸಬರು ಬಂದಾಗೆಲ್ಲ ಅದನ್ನೇ ಹೇಳುತ್ತೇನೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಎಡದಿಂದ ಬಲಕ್ಕೆ, 9ನೇ ಸುಳಿವು. ನಮಗೆ ಪದಬಂಧ ಬರೆದು ಕೊಡುವವರು ಹಳಬರು, ಗಟ್ಟಿ ಓದಿನವರು. ಅವರು ಬರೆದಿದ್ದು ಹೀಗೆ: 'ಕೋಟದಲ್ಲಿ ಹುಟ್ಟಿದ, ಯಕ್ಷಗಾನದ ನಂಟಿನ ಜ್ಞಾನಪೀಠ ಪುರಸ್ಕೃತ (3)'. ಉತ್ತರ ಕಾರಂತ. ಶಿವರಾಮ ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿದವರು. ಯಕ್ಷಗಾನದ ಬಗ್ಗೆ ಅವರು ಬರೆದ ಪುಸ್ತಕಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು, 1977ರಲ್ಲಿ ಜ್ಞಾನಪೀಠ. ಸುಳಿವಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.

ಪೇಜ್ ರಿಲೀಸ್ ಮಾಡುವ ಹೊತ್ತಿಗೆ ಜಾಹೀರಾತು ವಿಭಾಗದಿಂದ ಹೊಸ ಸೈಜ್ ಬಂತು. ಪುಟದ ಕೆಳಗಿನ ಜಾಹೀರಾತು ಸ್ಟ್ರಿಪ್ ಎರಡು ಸೆಂಟಿಮೀಟರ್ ಎತ್ತರ ಆಗಿದೆ. ಡಮ್ಮಿಯಲ್ಲಿ, ಅಂದರೆ ಪುಟದ ನಕ್ಷೆಯಲ್ಲಿ, ಇಲ್ಲದ್ದು ಹೀಗೆ ಕೊನೇ ಗಳಿಗೆಯಲ್ಲಿ ಬರುವುದು ನಮ್ಮಲ್ಲಿ ಹೊಸದೇನಲ್ಲ. ಅಕ್ಷರದ ಸೈಜ್ ಇಳಿಸಿದೆವು, ಸಾಲಿನ ನಡುವಿನ ಜಾಗ ಬಿಗಿ ಮಾಡಿದೆವು. ಆದರೂ ಸುಳಿವುಗಳು ಜಾಗ ಮೀರಿ ಒಂದು ಸಾಲು ಓವರ್‌ಸೆಟ್. ಅಚ್ಚಿನ ಪ್ಲೇಟ್ ಮಾಡುವ ಸಿಟಿಪಿ ವಿಭಾಗದಿಂದ ಫೋನ್ ಮೇಲೆ ಫೋನ್. ಲೇಔಟ್ ಹುಡುಗ ಮೌಸ್ ಹಿಡಿದು, 'ಸರ್, ಯಾವುದಾದ್ರೂ ಒಂದು ಸುಳಿವು ಎರಡು ಸಾಲಿಂದ ಒಂದಕ್ಕೆ ಬರ್ಲೇಬೇಕು' ಅಂದ.

ನಾವು ಮೂವರು ಪರದೆ ಮುಂದೆ ನಿಂತು ಒಂದೊಂದೇ ಸುಳಿವು ಓದಿದೆವು. ಪದಚಮತ್ಕಾರದ ಸುಳಿವುಗಳನ್ನು ಮುಟ್ಟೋ ಹಾಗೇ ಇರಲಿಲ್ಲ. 'ಲಕ್ಷ್ಮಿ ತಿರುಗಿದರೆ ಅವಳ ಮಗ (2)' ಅನ್ನುವುದರಲ್ಲಿ ಏನು ತೆಗೀತೀರಿ? ಉತ್ತರ ಮಾರ. ರಮಾ ತಿರುಗಿದರೆ ಮಾರ, ಅಂದರೆ ಮನ್ಮಥ. ಒಂದು ಪದ ತೆಗೆದರೂ ಸುಳಿವು ಸತ್ತು ಹೋಗುತ್ತದೆ. 'ಹಿಂದಕ್ಕೆ ಹರಿದ ಹೊಳೆ ಒಂದು ದಿವಸ (2)'. ಇಲ್ಲೂ ಹಾಗೇ, ನದಿ ತಿರುಗಿ ದಿನ. ಕೊನೆಗೆ ಕಣ್ಣು ಬಿದ್ದದ್ದು 9ರ ಮೇಲೆ. 'ಕೋಟದಲ್ಲಿ ಹುಟ್ಟಿದ' ತೆಗೆದರೆ ಒಂದೇ ಸಾಲು. ಯಕ್ಷಗಾನ ಇದೆ, ಜ್ಞಾನಪೀಠ ಇದೆ, ಮೂರಕ್ಷರ ಇದೆ. ಅಲ್ಲಿದ್ದ ಎಲ್ಲರಿಗೂ ಸಾಕು ಅನ್ನಿಸಿತು, ನನಗೂ. ಪೇಜ್ ಹೋಯಿತು.

ಭಾನುವಾರ ಫೋನ್ ಶುರು. ಮೊದಲನೆಯದು ಧಾರವಾಡದಿಂದ. ನಿವೃತ್ತ ಶಿಕ್ಷಕಿ. 'ನೋಡ್ರೀ, 9ಕ್ಕ ಎರಡು ಉತ್ತರ ಕೂಡ್ತಾವ. ಕಾರಂತನೂ ಬರ್ತದ, ಕಾರ್ನಾಡನೂ ಬರ್ತದ' ಅಂದರು. ಕಾರ್ನಾಡರಿಗೆ ಯಕ್ಷಗಾನ ಎಲ್ಲಿಂದ ಬಂತು ಮೇಡಂ ಅಂತ ಕೇಳಿದೆ. 'ಹಯವದನ ನೋಡೀರೇನ್ರೀ ನೀವು? ಅದರಾಗ ಭಾಗವತ ಬರ್ತಾನ. ಯಕ್ಷಗಾನದ ನಂಟು ಅಲ್ಲೇನ್ರೀ ಅದು?'

ನಿಜ. ಆ ನಾಟಕ ಯಕ್ಷಗಾನದ ರೀತಿಗಳನ್ನು ಎತ್ತಿಕೊಂಡೇ ಕಟ್ಟಿದ್ದು. ಕಾರ್ನಾಡರಿಗೆ 1998ರಲ್ಲಿ ಜ್ಞಾನಪೀಠ ಬಂದಿದೆ. ಕಾ, ರ್ನಾ, ಡ. ಮೂರೇ ಮನೆ. ಆದರೂ ನಾನು, ಅಡ್ಡ ಬರುವ ಅಕ್ಷರ ನೋಡಿ ಮೇಡಂ ಅಂದೆ. ಅವರು ಕಾಗದ ಮುಂದೆ ಇಟ್ಟುಕೊಂಡೇ ಮಾತಾಡುತ್ತಿದ್ದರು. 'ಮ್ಯಾಲಿಂದ ಇಳಿಯೋದು ಕಾಜಾಣ. ಅದರ ಕಾ ಎರಡಕ್ಕೂ ಕೂಡ್ತದ. ಉಳಿದ ಎರಡು ಮನಿಗೆ ಸಾಕ್ಷಿ ಯಾರ್ರೀ?'

ಬಹುಮಾನಕ್ಕಾಗಿ ವಾದ ಮಾಡುತ್ತಿದ್ದಾರೆ ಅಂತ ಆ ಕ್ಷಣಕ್ಕೆ ಅನ್ನಿಸಿತ್ತು. ಮಾತಿನ ಕೊನೆಯಲ್ಲಿ ಗೊತ್ತಾಯಿತು, ಅವರು ಯಾವ ವಾರವೂ ಉತ್ತರ ಕಳಿಸುವವರೇ ಅಲ್ಲ. ಬಿಡಿಸುತ್ತಾರೆ, ಅಷ್ಟೇ.

ಆ 'ಸಾಕ್ಷಿ'ಯ ಮಾತು ಕನ್ನಡ ಪದಬಂಧದ ಬುಡಕ್ಕೇ ಹೋಗುತ್ತದೆ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಅವರು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಮೊದಲ ಪದಬಂಧ ಹಾಕಿದಾಗ ಅವರ ಕೈಯಲ್ಲಿ ಇದ್ದದ್ದು 26 ಅಕ್ಷರ. ಎ, ಇ, ಎಸ್ ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತವೆ. ಇವತ್ತಿಗೂ ಅಮೆರಿಕದ ಪತ್ರಿಕೆಗಳ ಪದಬಂಧದಲ್ಲಿ ಪ್ರತಿ ಮನೆಗೂ ಎರಡು ಪದ ತಾಗಬೇಕು ಅನ್ನುವುದು ರೂಢಿ. ಅಡ್ಡಪದ ಗೊತ್ತಿಲ್ಲದಿದ್ದರೂ ಉದ್ದಪದಗಳು ಅದನ್ನು ತುಂಬಿಕೊಡುತ್ತವೆ. ನಮ್ಮಲ್ಲಿ ಹಾಗೆ ಮಾಡೋದು ಬಲು ಕಷ್ಟ. 'ಕಾ' ಅಕ್ಷರಕ್ಕೆ 'ಕಾ' ಮಾತ್ರ ಕೂಡುತ್ತದೆ. ಕ ಬೇರೆ, ಕಿ ಬೇರೆ, ಕಂ ಬೇರೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಒಂದು ಮನೆಯಲ್ಲಿ ಕೂರಬಹುದಾದ ಅಕ್ಷರಗಳಿಗೆ ಲೆಕ್ಕವಿಲ್ಲ. ರ್ನಾ ಇಂದ ಶುರುವಾಗುವ ಪದವೇ ಇಲ್ಲ. ಅದನ್ನು ದಾಟಿಸಬೇಕು ಅಂದ್ರೆ ಕರ್ನಾಟಕದಂಥ ಪದವನ್ನೇ ಮೇಲಿನಿಂದ ಇಳಿಸಬೇಕು. ಹಾಗಾಗಿ ಕನ್ನಡದ ಚೌಕದಲ್ಲಿ ಕಪ್ಪು ಮನೆ ಜಾಸ್ತಿ, ಒಂದೇ ಪದ ತಾಗುವ ಒಂಟಿ ಮನೆಗಳೂ ಜಾಸ್ತಿ. ಒಂಟಿ ಮನೆಯ ಪೂರ್ತಿ ಭಾರ ಸುಳಿವಿನ ಮೇಲೆ ಬೀಳುತ್ತದೆ.

ಪದಚಮತ್ಕಾರದ ಸುಳಿವು ಈ ಭಾರ ಹೊರುತ್ತದೆ. 'ಸತ್ವದ ನಡುವೆ ಗಾಂಧಾರ, ಶಿವಮೊಗ್ಗ ಜಿಲ್ಲೆಯ ಊರು (3)'. ಸಾರದ ನಡುವೆ ಗ ಸ್ವರ ಇಟ್ಟರೆ ಸಾಗರ. ಊರು ಗೊತ್ತಿದ್ದವರು ಆ ಕಡೆಯಿಂದ ಬರಬಹುದು. ಗೊತ್ತಿಲ್ಲದವರು ಸಂಗೀತದ ಕಡೆಯಿಂದ ಬರಬಹುದು. ಬಂದ ಮೇಲೆ ತಾಳೆ ನೋಡಬಹುದು. ಬರೀ ಸಾಮಾನ್ಯ ಜ್ಞಾನದ ಸುಳಿವಿಗೆ ಆ ಎರಡನೇ ದಾರಿ ಇಲ್ಲ. ಅದು ಹಳಸಿಯೂ ಹೋಗುತ್ತದೆ. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾಯಿತಲ್ಲ, ನಾಲ್ಕು ಮನೆಯ ಬಿಜಾಪುರ ಐದು ಮನೆಯ ವಿಜಯಪುರ ಆಯಿತು. 2021ರಲ್ಲಿ ವಿಜಯನಗರ ಬಂದು ಜಿಲ್ಲೆಗಳ ಸಂಖ್ಯೆ 31 ಆಯಿತು. ಇಂಥ ಬದಲಾವಣೆ ಆದಾಗೆಲ್ಲ ಮೊದಲೇ ಮಾಡಿಟ್ಟ ಪದಬಂಧಗಳನ್ನು ತೆಗೆದು ನೋಡಬೇಕು. ನದಿ ತಿರುಗಿ ದಿನ ಆಗುವುದನ್ನು ಮಾತ್ರ ಯಾವ ಸರ್ಕಾರವೂ ಬದಲಾಯಿಸೋಕೆ ಆಗಲ್ಲ. ಸಾಮಾನ್ಯ ಜ್ಞಾನದ ಸುಳಿವು ಬೇಡ ಅಂತಲ್ಲ. ಕಾರಂತರ ಹೆಸರು ಹೊಳೆದಾಗ ಆಗುವ ಖುಷಿಯೇ ಬೇರೆ. ಆದರೆ ಅದನ್ನು ಒಂಟಿ ಮನೆಗಳಲ್ಲಿ ಕೂರಿಸುವಾಗ ಹತ್ತು ಸಲ ಯೋಚಿಸಬೇಕು.

ಶುಕ್ರವಾರ ಮಧ್ಯಾಹ್ನ ಉತ್ತರಗಳ ಕಂತೆ ಬಿಚ್ಚಿದೆವು. ಉಪಸಂಪಾದಕಿ ಎರಡು ಗುಡ್ಡೆ ಮಾಡಿದ್ದಳು, ಕಾರಂತ ಒಂದು ಕಡೆ, ಕಾರ್ನಾಡ ಒಂದು ಕಡೆ. ಕಾರ್ನಾಡರ ಗುಡ್ಡೆಯೂ ಸಣ್ಣದಿರಲಿಲ್ಲ. ಪುರವಣಿ ಮುಖ್ಯಸ್ಥರು ನಿಂತಲ್ಲೇ, 'ಉತ್ತರ ಕಾರಂತ. ಉಳಿದದ್ದು ಪಕ್ಕಕ್ಕಿಡಿ, ಚೀಟಿ ಎತ್ತಿ' ಅಂದರು. ಫಲಿತಾಂಶದ ಪೇಜ್ ಕಾಯುತ್ತಿತ್ತು. ಚೀಟಿ ಎತ್ತುವುದಕ್ಕೆ ಆಫೀಸ್ ಹುಡುಗನನ್ನೂ ಕರೆದಾಗಿತ್ತು.

ನಾನು ಅವರ ಕೈಗೆ ಎರಡು ಹಾಳೆ ಕೊಟ್ಟೆ. ಒಂದು, ಬಂದಿದ್ದ ಮೂಲ ಸುಳಿವು. ಇನ್ನೊಂದು, ಅಚ್ಚಾದದ್ದು. ಅವರು ಓದಿ, 'ಕೋಟ ಎಲ್ಲಿ ಹೋಯ್ತು?' ಅಂದರು. ಸ್ಟ್ರಿಪ್ಪಿನ ಕಥೆ ಹೇಳಿದೆ. ಸುಮಾರು ಹೊತ್ತು ಮಾತಿಲ್ಲ. ಎರಡೂ ಉತ್ತರ ಸರಿ ಅಂದರೆ ಪತ್ರಿಕೆ ಎಡವಿತು ಅಂತ ಅಚ್ಚು ಹಾಕಿದ ಹಾಗೆ. ಒಂದೇ ಸರಿ ಅಂದರೆ ನ್ಯಾಯವಾಗಿ ಯೋಚಿಸಿ ಬರೆದವರಿಗೆ ಮೋಸ. ಇವರು ಬಿಡಿಸಿದ್ದು ನಾವು ಅಚ್ಚು ಹಾಕಿದ ಸುಳಿವನ್ನು ಸರ್, ನಮ್ಮ ಮನಸ್ಸಿನಲ್ಲಿ ಇದ್ದದ್ದನ್ನಲ್ಲ ಅಂದೆ. ಕೊನೆಗೆ ಅವರೇ ಎರಡು ಗುಡ್ಡೆಯನ್ನೂ ಒಂದು ಮಾಡಿದರು. ಮುಂದಿನ ವಾರ ಎರಡೂ ಉತ್ತರ ಸರಿ ಅಂತ ಕಾರಣ ಸಮೇತ ಹಾಕಿದೆವು.

ಇಂಥದ್ದು ಮತ್ತೆ ಆಗಬಾರದು ಅಂತ ಮ್ಯಾನೇಜ್‌ಮೆಂಟ್ ಒಂದು ಸಾಫ್ಟ್‌ವೇರ್ ತರಿಸಿತು. ಒಂದೇ ಚೌಕಕ್ಕೆ ಎರಡು ಉತ್ತರ ಕೂಡುತ್ತದಾ ಅಂತ ಅದು ಹೇಳಬೇಕು. ನಾನು ಮೊದಲು ಕೊಟ್ಟದ್ದೇ ಈ ಎರಡು ಹೆಸರು. ಕಾರಂತ ಐದು ಅಕ್ಷರ, ಕಾರ್ನಾಡ ಏಳು ಅಕ್ಷರ, ಗೊಂದಲ ಇಲ್ಲ ಅಂತ ತೋರಿಸಿತು! ಅದು ಎಣಿಸುವುದು ಕಂಪ್ಯೂಟರ್ ಅಕ್ಷರ ಉಳಿಸಿಡುವ ಯೂನಿಕೋಡ್ ಸಂಕೇತಗಳನ್ನು. ಕ ಒಂದು, ಅದರ ದೀರ್ಘ ಒಂದು, ಸೊನ್ನೆ ಒಂದು, ಒತ್ತಕ್ಷರ ಬರಿಸುವ ವಿರಾಮ (್) ಒಂದು. ಕನ್ನಡ ಓದುವವರು ಎಣಿಸುವ ಅಕ್ಷರ ಅದಕ್ಕೆ ಗೊತ್ತೇ ಇಲ್ಲ. ಟೂಲ್ ಮಾಡಿದವರಿಗೆ ಇದನ್ನು ಬರೆದು ಕಳಿಸಿದ್ದೇವೆ. ಸರಿಯಾಗಿ ಬರಲಿ, ಸಂತೋಷವಾಗಿ ಬಳಸುತ್ತೇನೆ.

ಅಲ್ಲಿಯವರೆಗೆ ಪೆನ್ಸಿಲ್ಲೇ ಗತಿ. ಪ್ರತಿ ಸುಳಿವಿನ ಪಕ್ಕದಲ್ಲಿ ಎಷ್ಟು ಮನೆ ಒಂಟಿ ಅಂತ ಬರೆಯುತ್ತೇವೆ. ಎರಡಕ್ಕಿಂತ ಜಾಸ್ತಿ ಇದ್ದರೆ, ಅಥವಾ ಎರಡೇ ಇದ್ದು ಸುಳಿವು ಬರೀ ಸಾಮಾನ್ಯ ಜ್ಞಾನದ್ದಾಗಿದ್ದರೆ, ಬರೆದವರಿಗೆ ವಾಪಸ್. ಜಾಗ ಸಾಲದೆ ಹೋದರೆ ಹಿಂದಿನ ವಾರದ ಉತ್ತರವನ್ನು ಬೇರೆ ಪುಟಕ್ಕೆ ಕಳಿಸುತ್ತೇವೆ. ಸುಳಿವಿನ ಒಂದು ಪದವನ್ನೂ ಕತ್ತರಿಸುವ ಹಾಗಿಲ್ಲ. ಈ ನಿಯಮ ಲೇಔಟ್ ಟೇಬಲ್ ಮೇಲೆ ಅಂಟಿಸಿದೆ, ಜಾಹೀರಾತು ವಿಭಾಗಕ್ಕೂ ಒಂದು ಪ್ರತಿ ಕೊಟ್ಟಿದ್ದೇನೆ.